ನಂದಿ ತಪ್ಪಲೋ ನಾಸಿಕ್ಕೋ, ಬಿಳಿಯೋ ಕೆಂಪೋ: ವೈನ್ ಹುಡುಕಿ ಹೊರಟವರಿಗೆ

"ವೈನ್ ಸ್ಟೋರ್" ಅಂತ ಬೋರ್ಡ್ ಇರುವ ಅಂಗಡಿಗೆ ಹೋಗಿ ಒಂದು ಬಾಟಲಿ ವೈನ್ ಕೇಳಿ ನೋಡಿ. ಅಂಗಡಿಯವನು ಒಮ್ಮೆ ನಿಮ್ಮ ಮುಖ ನೋಡುತ್ತಾನೆ. ಆಮೇಲೆ ವಿಸ್ಕಿ, ರಮ್, ಬ್ರಾಂದಿಯ ಸಾಲುಗಳನ್ನೆಲ್ಲ ದಾಟಿ, ಸ್ಟೂಲ್ ಹಾಕಿಕೊಂಡು, ಮೇಲಿನ ಸಾಲಿನಿಂದ ಧೂಳು ಹಿಡಿದ ಎರಡು ಬಾಟಲಿ ಇಳಿಸುತ್ತಾನೆ. "ಇದು ಸ್ವೀಟು, ಇದು ಸ್ವೀಟ್ ಅಲ್ಲ. ಯಾವುದು ಕೊಡ್ಲಿ?" ನನ್ನ ವೈನ್ ಪಾಠ ಶುರುವಾಗಿದ್ದು ಹೀಗೆ. ಆಗ ನಗು ಬಂದಿತ್ತು. ಈಗ ಅನಿಸುತ್ತದೆ, ಆತ ಕೇಳಿದ್ದು ಸರಿಯಾದ ಪ್ರಶ್ನೆಯೇ.

ಅದಾಗಿ ಹತ್ತು ಹನ್ನೆರಡು ವರ್ಷವಾಯಿತು. ನಂದಿ ತಪ್ಪಲಿನ ವೈನರಿಗಳಿಗೆ ಐದಾರು ಸಲ, ನಾಸಿಕ್‌ಗೆ ಎರಡು ಸಲ ಹೋಗಿ ಬಂದಿದ್ದೇನೆ. ಮೈಸೂರು ರಸ್ತೆಯಲ್ಲಿ ಸುಮ್ನೆ ಇಳಿದು ನೋಡಿದ್ದೂ ಇದೆ. ಸ್ನೇಹಿತರು ನನ್ನನ್ನು ಕೇಳುವುದು ಎರಡೇ ಮಾತು: "ಎಲ್ಲಿಗೆ ಹೋಗೋದು?" "ಯಾವುದು ತಗೊಳ್ಳೋದು?" ಗಡಿಬಿಡಿಯಲ್ಲಿ ಇರುವವರಿಗೆ ಉತ್ತರ ಇಲ್ಲೇ ಕೊಟ್ಟುಬಿಡುತ್ತೇನೆ. ಮೊದಲ ಸಲ ಆದರೆ ನಂದಿ ತಪ್ಪಲು, ಫೆಬ್ರುವರಿ ತಿಂಗಳು, ಅದೂ ವಾರದ ದಿನ. ಬಾಟಲಿ ಆದರೆ ಶೆನಿನ್ ಬ್ಲಾಂ ಅನ್ನುವ ಬಿಳಿ ವೈನ್. ಯಾಕೆ ಅಂತ ತಿಳಿಯಬೇಕಾದವರು ಮುಂದೆ ಓದಿ.

ಯಾವ ತಿಂಗಳು ಅನ್ನುವುದು ಮೊದಲು

ಎಲ್ಲರೂ ಜಾಗ ಮೊದಲು ನೋಡುತ್ತಾರೆ, ತಿಂಗಳು ಆಮೇಲೆ. ಇದನ್ನು ತಿರುಗಿಸಬೇಕು.

ಯುರೋಪಿನಲ್ಲಿ ಚಳಿಗಾಲ ಬಂದರೆ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಮಲಗಿಬಿಡುತ್ತದೆ. ನಮ್ಮ ಕಡೆ ಅದಕ್ಕೆ ಆ ನಿದ್ದೆ ಇಲ್ಲ. ಅದಕ್ಕೇ ಇಲ್ಲಿ ವರ್ಷಕ್ಕೆ ಎರಡು ಸಲ ಬಳ್ಳಿ ಸವರುತ್ತಾರೆ. ಬೇಸಿಗೆಯಲ್ಲಿ, ಏಪ್ರಿಲ್ ಸುಮಾರಿಗೆ ಒಮ್ಮೆ, ಹೊಸ ಕಡ್ಡಿ ಬಂದು ಬಲಿಯಲಿ ಅಂತ. ಮಳೆ ಇಳಿಮುಖವಾದಾಗ, ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ, ಹಣ್ಣಿಗೆ ಅಂತ. ವಿಜಯಪುರದ ಕಡೆ ರೈತರು ಇದನ್ನು ಚಾಟನಿ ಅನ್ನುತ್ತಾರೆ. ಹಾಗಾಗಿ ವೈನ್ ದ್ರಾಕ್ಷಿಯ ಕೊಯ್ಲು ಬರುವುದು ಸುಮಾರು ಜನವರಿಯಿಂದ ಮಾರ್ಚ್ ತನಕ. ಫ್ರಾನ್ಸಿನ ಬೋರ್ಡೋದಲ್ಲಿ ಸೆಪ್ಟೆಂಬರ್‌ನಲ್ಲಿ ಆಗುವ ಕೆಲಸ ನಮ್ಮಲ್ಲಿ ಸಂಕ್ರಾಂತಿ–ಶಿವರಾತ್ರಿ ನಡುವೆ ಆಗುತ್ತದೆ.

ಆ ಹೊತ್ತಿನಲ್ಲಿ ಹೋದರೆ ಬಳ್ಳಿಯಲ್ಲಿ ಹಣ್ಣು, ಕ್ರೇಟುಗಳಲ್ಲಿ ಹಣ್ಣು, ಒಳಗೆ ಟ್ಯಾಂಕುಗಳಲ್ಲಿ ಬುಳುಬುಳು ಅನ್ನುವ ರಸ, ಎಲ್ಲ ಒಂದೇ ದಿನ ನೋಡಬಹುದು. ಹುದುಗಿನ ವಾಸನೆ ಗೇಟಿನ ಹತ್ತಿರವೇ ಬರುತ್ತದೆ, ದೋಸೆ ಹಿಟ್ಟು ಉಕ್ಕಿದ ಹಾಗೆ. ಜುಲೈನಲ್ಲಿ ಹೋದರೆ ಹಸಿರೆಲೆ, ಕೆಸರು, ತೊಳೆದಿಟ್ಟ ಟ್ಯಾಂಕು. ಫೋಟೋಗೆ ಚೆನ್ನಾಗಿರುತ್ತದೆ, ಅಷ್ಟೇ.

ನಂದಿ ತಪ್ಪಲು: ಚಿಕ್ಕಪ್ಪನ ಜೊತೆ ಒಂದು ದಿನ

ಬೆಂಗಳೂರಿನವರಿಗೆ ಇದು ಅರ್ಧ ದಿನದ ಕೆಲಸ. ದೊಡ್ಡಬಳ್ಳಾಪುರದ ಕಡೆ ನಲವತ್ತು ಚಿಲ್ಲರೆ ಕಿಲೋಮೀಟರ್. ಈ ಸೀಮೆಯಲ್ಲಿ ಫ್ರೆಂಚ್ ತಳಿ ಬೆಳೆಯಬಹುದು ಅಂತ ಹಠ ಹಿಡಿದವರು ಕನ್ವಲ್ ಗ್ರೋವರ್. 1988ರಲ್ಲಿ ಅವರ ಕಂಪನಿ ಶುರುವಾಯಿತು, 1992ರಲ್ಲಿ ಮೊದಲ ವೈನ್ ಬಂತು. 90ರ ದಶಕದಲ್ಲೇ ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಶೆಲ್ ರೊಲಾಂ ಸಲಹೆ ಕೊಡಲು ಬಂದರು. 2012ರಲ್ಲಿ ನಾಸಿಕ್ ಕಡೆಯ ಇನ್ನೊಂದು ಕಂಪನಿಯ ಜೊತೆ ಸೇರಿ ಅದು ಗ್ರೋವರ್ ಜಂಪಾ ಆಯಿತು. ಅವರ ಲಾ ರಿಸರ್ವ್ ಅನ್ನುವ ಕೆಂಪು ವೈನ್, ಕ್ಯಾಬರ್ನೆ ಸೊವಿನ್ಯೊ ಮತ್ತು ಶಿರಾಜ್ ಅನ್ನುವ ಎರಡು ಕರಿ ದ್ರಾಕ್ಷಿ ತಳಿ ಬೆರಸಿದ್ದು, ಭಾರತದ ವೈನ್ ಬಗ್ಗೆ ಮಾತಾಡುವವರೆಲ್ಲ ಒಮ್ಮೆಯಾದರೂ ಹೆಸರಿಸುವ ಬಾಟಲಿ.

ನನ್ನ ಚಿಕ್ಕಪ್ಪನಿಗೆ ಚಿಕ್ಕಬಳ್ಳಾಪುರದ ಹತ್ತಿರ ಬೆಂಗಳೂರು ನೀಲಿ ದ್ರಾಕ್ಷಿ ತೋಟ ಇದೆ. ನಲವತ್ತು ವರ್ಷದಿಂದ ದ್ರಾಕ್ಷಿ ಬೆಳೆದವರು, ವೈನರಿ ಒಳಗೆ ಕಾಲಿಟ್ಟಿರಲಿಲ್ಲ. ಒಂದು ಫೆಬ್ರುವರಿ ಬುಧವಾರ ಅವರನ್ನೂ ಕೂರಿಸಿಕೊಂಡು ಆ ಕಡೆಯ ಒಂದು ವೈನರಿಗೆ ಹೋದೆ.

ಗೇಟು ದಾಟಿದ ಕೂಡಲೇ ಅವರ ಮೊದಲ ಪ್ರಶ್ನೆ: "ಚಪ್ಪರ ಎಲ್ಲಪ್ಪಾ?"

ತಿನ್ನುವ ದ್ರಾಕ್ಷಿಗೆ ನಮ್ಮಲ್ಲಿ ತಲೆಯ ಮೇಲೆ ಚಪ್ಪರ ಹಾಕುತ್ತಾರೆ. ವೈನ್ ದ್ರಾಕ್ಷಿಯನ್ನು ಹೆಚ್ಚಾಗಿ ಬೇಲಿಯ ಹಾಗೆ, ಕಂಬ ನೆಟ್ಟು ತಂತಿ ಎಳೆದು, ಎದ್ದು ನಿಲ್ಲಿಸುತ್ತಾರೆ. ಗೊನೆ ಮೊಣಕಾಲು–ಸೊಂಟದ ಮಟ್ಟದಲ್ಲಿ ಇರುತ್ತದೆ. ಗಾಳಿ ಆಡುತ್ತದೆ, ಬಿಸಿಲು ಎಷ್ಟು ಬೇಕೋ ಅಷ್ಟು ಬೀಳುತ್ತದೆ. ತೋಟ ತೋರಿಸುವ ಹುಡುಗ ಇದನ್ನೆಲ್ಲ ಹೇಳಿ, "ಕಾಯಿ ಜಾಸ್ತಿ ಬಂದರೆ ಎಳೇದಿರುವಾಗಲೇ ಕೆಲವು ಗೊನೆ ಕತ್ತರಿಸಿ ಕೆಳಗೆ ಹಾಕುತ್ತೇವೆ, ಉಳಿದವಕ್ಕೆ ರುಚಿ ಸೇರಲಿ ಅಂತ" ಅಂದ. ಚಿಕ್ಕಪ್ಪ ನಿಂತಲ್ಲೇ ನಿಂತರು. "ಕಾಯಿ ಕಿತ್ತು ಬಿಸಾಕ್ತೀರಾ?" ಆ ಮಾತನ್ನು ಮನೆಗೆ ಬರುವ ತನಕ ನಾಲ್ಕು ಸಲ ಹೇಳಿರಬೇಕು.

ಹುಡುಗ ಒಂದು ಗೊನೆ ಶಿರಾಜ್ ಕೊಟ್ಟ. ಹಣ್ಣು ಸಣ್ಣದು, ಬಟಾಣಿಗಿಂತ ಸ್ವಲ್ಪ ದೊಡ್ಡದು. ಸಿಪ್ಪೆ ದಪ್ಪ, ಒಳಗೆ ಬೀಜ. ಚಿಕ್ಕಪ್ಪ ಬಾಯಿಗೆ ಹಾಕಿಕೊಂಡು ಅಗಿದರು. "ಸಿಹಿ ಜೋರಾಗಿದೆ. ಆದ್ರೆ ತಿನ್ನೋಕೆ ಏನಿದೆ ಇದರಲ್ಲಿ, ಬರೀ ಸಿಪ್ಪೆ, ಬೀಜ." ವೈನಿಗೆ ಬೇಕಿರುವುದು ಅದೇ. ಸಿಹಿಯೇ ಹುದುಗಿ ಆಲ್ಕೋಹಾಲ್ ಆಗುತ್ತದೆ: ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಇದ್ದರೆ ಶೇಕಡ 1ರಷ್ಟು ಆಲ್ಕೋಹಾಲ್ ಅಂತ ಲೆಕ್ಕ. ಬಣ್ಣ ಮತ್ತು ಒಗರು ಬರುವುದು ಸಿಪ್ಪೆ, ಬೀಜದಿಂದ. ಒಂದು ಹಣ್ಣನ್ನು ಬೆರಳಲ್ಲಿ ಹಿಸುಕಿ ನೋಡಿ, ಕರಿ ದ್ರಾಕ್ಷಿಯ ರಸವೂ ಬಿಳಿಯೇ. ಕೆಂಪು ವೈನ್ ಮಾಡಬೇಕಾದರೆ ಸಿಪ್ಪೆಯ ಸಮೇತ ಹುದುಗಿಸುತ್ತಾರೆ. ಬಿಳಿ ವೈನ್ ಆದರೆ ಮೊದಲೇ ಹಿಂಡಿ, ಸಿಪ್ಪೆ ತೆಗೆದು, ರಸವನ್ನು ತಂಪಾಗಿಟ್ಟು ಹುದುಗಿಸುತ್ತಾರೆ.

ಆಮೇಲೆ ರುಚಿ ನೋಡುವ ಕೋಣೆ. ಐದು ಗ್ಲಾಸು, ಪ್ರತಿಯೊಂದರಲ್ಲೂ ಎರಡು ಮೂರು ಗುಟುಕು. "ಬಣ್ಣ ನೋಡೋಕೆ ಹಿಂದೆ ಬಿಳಿ ಏನಾದ್ರೂ ಇರಬೇಕು ಸಾರ್" ಅಂದ ಹುಡುಗ, ಟಿಶ್ಯೂ ಕಾಗದ ಹುಡುಕುತ್ತಾ. ಚಿಕ್ಕಪ್ಪ ಗ್ಲಾಸನ್ನು ತಮ್ಮ ಪಂಚೆಗೆ ಹಿಡಿದರು. ಅದಕ್ಕಿಂತ ಬಿಳಿ ಆ ಕೋಣೆಯಲ್ಲಿ ಬೇರೆ ಇರಲಿಲ್ಲ. ಉಗುಳಲು ಇಟ್ಟ ಪಾತ್ರೆ ತೋರಿಸಿದಾಗ ಮಾತ್ರ, "ಅದೆಲ್ಲ ಬೇಡ" ಅಂದರು.

ನಂದಿ ತಪ್ಪಲಿನ ಗುಣ ಇದು: ಜನ ಕಡಿಮೆ, ಪ್ರಶ್ನೆ ಕೇಳಲು ಸಮಯ ಸಿಗುತ್ತದೆ, ತೋಟ, ಟ್ಯಾಂಕು, ಓಕ್ ಪೀಪಾಯಿ ಎಲ್ಲ ಹತ್ತಿರದಿಂದ ನೋಡಬಹುದು. ತಪ್ಪು ಇದು: ಅಲ್ಲಿ ಉಳಿದುಕೊಂಡು, ಸಂಜೆ ಬಳ್ಳಿಗಳ ಪಕ್ಕ ಕೂತು ಕುಡಿಯುವ ವ್ಯವಸ್ಥೆ ನಾಸಿಕ್‌ನ ಹಾಗಿಲ್ಲ. ಮೊದಲೇ ಫೋನ್ ಮಾಡದೆ ಹೋದರೆ ಗೇಟಿನಿಂದಲೇ ವಾಪಸ್ ಬರಬೇಕಾಗಬಹುದು. ಮತ್ತೆ, ಗಾಡಿ ಓಡಿಸುವವರು ಯಾರು ಅನ್ನುವುದನ್ನು ಮನೆ ಬಿಡುವ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ. ನಮ್ಮಲ್ಲಿ ಅದು ನಾನು. ಅವತ್ತು ಉಗುಳುವ ಪಾತ್ರೆ ಬಳಸಿದ್ದು ನಾನೊಬ್ಬನೇ.

ನಾಸಿಕ್: ಎರಡು ರಾತ್ರಿ ಇದ್ದರೆ ಮಾತ್ರ

ದೇಶದಲ್ಲಿ ಅತಿ ಹೆಚ್ಚು ವೈನರಿಗಳಿರುವುದು ನಾಸಿಕ್ ಸುತ್ತ. ಅದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಸುಲಾ. ಅಮೆರಿಕದ ಕೆಲಸ ಬಿಟ್ಟು ಊರಿಗೆ ಬಂದ ರಾಜೀವ್ ಸಾಮಂತ್ 1997ರಲ್ಲಿ ಬಳ್ಳಿ ನೆಟ್ಟರು, 2000ದಲ್ಲಿ ಮೊದಲ ವೈನ್ ಮಾರಿದರು. 2005ರಲ್ಲಿ ರುಚಿ ನೋಡುವ ಕೋಣೆ ತೆರೆದರು. ವೈನರಿಗೆ ಜನ ಪ್ರವಾಸ ಹೋಗಬಹುದು ಅನ್ನುವ ಅಭ್ಯಾಸ ನಮ್ಮ ದೇಶದಲ್ಲಿ ದೊಡ್ಡದಾಗಿ ಬೆಳೆದಿದ್ದು ಅಲ್ಲಿಂದಲೇ. ಗಂಗಾಪುರ ಅಣೆಕಟ್ಟಿನ ಹಿನ್ನೀರಿನ ಕಡೆ ಸುಲಾ, ಯಾರ್ಕ್, ಸೋಮಾ ಎಲ್ಲ ಹತ್ತಿರ ಹತ್ತಿರ ಇವೆ. ಇಗತ್‌ಪುರಿ ಕಡೆ ವ್ಯಾಲೋನೆ ಇದೆ, ಚಿಕ್ಕದು, ನೆಮ್ಮದಿಯದು.

ನಮ್ಮ ನಂದಿಗೂ ನಾಸಿಕ್‌ಗೂ ಮಣ್ಣು, ಹವೆ ಎರಡೂ ಬೇರೆ. ನಂದಿ ತಪ್ಪಲು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ನಾಸಿಕ್ 600ರ ಆಸುಪಾಸು. ಆದರೆ ನಾಸಿಕ್ ಉತ್ತರಕ್ಕಿದೆ, ಅಲ್ಲಿ ಜನವರಿ ರಾತ್ರಿ ಚಳಿ ಕಚ್ಚುತ್ತದೆ. ರಾತ್ರಿ ತಂಪಿದ್ದಷ್ಟು ಹಣ್ಣಿನಲ್ಲಿ ಹುಳಿ ಉಳಿಯುತ್ತದೆ, ಬಿಳಿ ವೈನಿಗೆ ಆ ಹುಳಿ ಜೀವ. ನನ್ನ ನಾಲಿಗೆಗೆ ನಾಸಿಕ್‌ನ ಸೊವಿನ್ಯೊ ಬ್ಲಾಂ, ಶೆನಿನ್ ಬ್ಲಾಂ ಹೆಚ್ಚು ಚುರುಕು. ಕೆಂಪು ವೈನ್ ಬಂದರೆ ನಂದಿಯದೇ ನನಗಿಷ್ಟ, ಮೆತ್ತಗಿರುತ್ತದೆ. ಇದು ನನ್ನ ನಾಲಿಗೆಯ ಮಾತು. ನಿಮ್ಮದು ಬೇರೆ ಹೇಳಿದರೆ ಜಗಳ ಇಲ್ಲ.

ಈಗ ಒಂದು ಕಹಿ ಅನುಭವ. ಮೊದಲ ಸಲ ನಾಸಿಕ್‌ಗೆ ಹೋದಾಗ ಸಾಲು ರಜೆ ನೋಡಿ ಹೋಗಿದ್ದೆವು. ಹೆಸರು ಬೇಡ, ಒಂದು ವೈನರಿಯಲ್ಲಿ ನಲವತ್ತು ಜನರ ಗುಂಪು ಮಾಡಿದರು. ಟ್ಯಾಂಕಿನ ಮುಂದೆ ಐದು ನಿಮಿಷ, ಪೀಪಾಯಿಯ ಮುಂದೆ ಸೆಲ್ಫಿ, ಆಮೇಲೆ ಪ್ಲಾಸ್ಟಿಕ್ ಲೋಟದಲ್ಲಿ ಬೆಚ್ಚಗಿನ ಬಿಳಿ ವೈನ್. ಹಿಂದೆ ಡಿಜೆ. ಪಕ್ಕದಲ್ಲಿದ್ದವರು "ಐಸ್ ಇದೆಯಾ?" ಅಂತ ಕೇಳಿದರು, ತಪ್ಪೇನಿಲ್ಲ, ನಾನೂ ಅದನ್ನೇ ಯೋಚಿಸುತ್ತಿದ್ದೆ. ಎರಡನೇ ಸಲ ಮಂಗಳವಾರ ಹೋದೆ. ಅದೇ ಊರು, ಬೇರೆ ಲೋಕ. ಒಂದು ಚಿಕ್ಕ ವೈನರಿಯಲ್ಲಿ ವೈನ್ ಮಾಡುವವರೇ ಬಂದು ಟ್ಯಾಂಕಿನ ನಲ್ಲಿ ತಿರುಗಿಸಿ, ಇನ್ನೂ ಹುದುಗುತ್ತಿದ್ದ ಮಬ್ಬು ರಸ ಕೊಟ್ಟರು. ಎಳನೀರಿಗೆ ಸೋಡಾ ಹಾಕಿದ ಹಾಗಿತ್ತು.

ಹಾಗಾಗಿ ನಾಸಿಕ್ ಯಾರಿಗೆ? ಮುಂಬೈ, ಪುಣೆಯಲ್ಲಿರುವ ಕನ್ನಡಿಗರಿಗೆ ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ, ಹೋಗಿ. ಮುಂಬೈನಿಂದ 170 ಕಿಲೋಮೀಟರ್ ಸುಮಾರು. ಬೆಂಗಳೂರಿನವರು ಎರಡು ರಾತ್ರಿ ಉಳಿಯುವ ಹಾಗಿದ್ದರೆ ಮಾತ್ರ ಹೊರಡಿ, ದಿನಕ್ಕೆ ಎರಡು ವೈನರಿಗಿಂತ ಜಾಸ್ತಿ ಬೇಡ. ಮೂರನೆಯದರಲ್ಲಿ ನಾಲಿಗೆ ಸತ್ತಿರುತ್ತದೆ, ಎಲ್ಲವೂ ಚೆನ್ನಾಗಿದೆ ಅನಿಸಿ ಕಾರ್ಡ್ ಉಜ್ಜುತ್ತೀರಿ. ಪೆಟ್ಟಿಗೆಗಟ್ಟಲೆ ಕೊಳ್ಳುವ ಮುಂಚೆ ಇನ್ನೊಂದು ರಾಜ್ಯಕ್ಕೆ ಬಾಟಲಿ ಒಯ್ಯಲು ಅಬಕಾರಿ ನಿಯಮ ಏನಿದೆ ಅಂತ ಕೇಳಿಕೊಳ್ಳಿ. ನಾನು ಎರಡೇ ತಂದೆ, ಲುಂಗಿಯಲ್ಲಿ ಸುತ್ತಿ.

ಕೆಲವು ವರ್ಷ ಫೆಬ್ರುವರಿ ಹೊತ್ತಿಗೆ ಸುಲಾದವರ ಸಂಗೀತ ಹಬ್ಬವೂ ಇರುತ್ತದೆ, 2008ರಲ್ಲಿ ಶುರುವಾದದ್ದು. ಹಾಡು, ಕುಣಿತ ಬೇಕಾದವರಿಗೆ ಅದು. ವೈನ್ ತಿಳಿಯಬೇಕು ಅನ್ನುವವರು ಆ ವಾರ ಬಿಟ್ಟು ಹೋಗಿ.

ಉಳಿದ ಜಾಗಗಳು

ಚನ್ನಪಟ್ಟಣದ ಹತ್ತಿರ ಸುಲಾದವರದೇ ಡೊಮೇನ್ ಸುಲಾ ಇದೆ. ಮೈಸೂರಿಗೆ ಹೋಗುವಾಗ ಗೊಂಬೆ ಅಂಗಡಿಯ ಜೊತೆ ಇದನ್ನೂ ಸೇರಿಸಿಕೊಳ್ಳಬಹುದು. ಇದಕ್ಕಾಗಿಯೇ ಹೊರಡಬೇಕಾಗಿಲ್ಲ, ದಾರಿಯಲ್ಲಿ ಸಿಕ್ಕರೆ ಬಿಡಬೇಡಿ.

ಹಂಪಿ ಸೀಮೆಯ ಬೆಟ್ಟಗಳ ನಡುವೆ ಕೃಷ್ಮಾ ಅನ್ನುವ ತೋಟ ಇದೆ, ಕೊಪ್ಪಳ ಜಿಲ್ಲೆಯಲ್ಲಿ. ಕೃಷ್ಣ ಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿಯದು, ಹೆಸರೂ ಅವರಿಬ್ಬರ ಹೆಸರಿನಿಂದಲೇ ಬಂದದ್ದು. ಅವರ ಕ್ಯಾಬರ್ನೆ ಸೊವಿನ್ಯೊ ಒಮ್ಮೆ ಕುಡಿದೆ. ಅದು ನನ್ನ ಬಜೆಟ್ಟಿನ ಬಾಟಲಿ ಅಲ್ಲ, ಯಾರೋ ಮದುವೆ ವಾರ್ಷಿಕೋತ್ಸವಕ್ಕೆ ತೆರೆದಿದ್ದರು. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆಯಲ್ಲಿ ಉಳಿಯುತ್ತಲ್ಲ, ಆ ಥರ ತುಂಬಾ ಹೊತ್ತು ಉಳಿಯಿತು. ಅಲ್ಲಿಗೆ ಸುಮ್ನೆ ನುಗ್ಗುವ ಹಾಗಿಲ್ಲ, ಮೊದಲೇ ಮಾತಾಡಿಕೊಂಡು ಹೋಗಬೇಕು.

ವಿಜಯಪುರ, ಕಲಬುರಗಿ ಕಡೆಯವರು ಈ ಪಟ್ಟಿಯನ್ನು ಪೂರ್ತಿ ತಲೆಕೆಳಗು ಮಾಡಬೇಕು. ನಿಮಗೆ ಬೆಂಗಳೂರಿಗಿಂತ ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್ ಹತ್ತಿರ, ಫ್ರಾಟೆಲ್ಲಿ ಇರುವುದು ಅಲ್ಲಿ. ಇಟಲಿ ಭಾಷೆಯಲ್ಲಿ ಫ್ರಾಟೆಲ್ಲಿ ಅಂದರೆ ಅಣ್ಣತಮ್ಮಂದಿರು. ಮೂರು ಮನೆತನದ ಅಣ್ಣತಮ್ಮಂದಿರು ಸೇರಿ ಕಟ್ಟಿದ ಕಂಪನಿ, ಒಂದು ಮನೆತನ ಇಟಲಿಯದೇ. ಅವರ ಸೆಟ್ಟೆ ಅನ್ನುವ ಕೆಂಪು ವೈನಿಗೆ ಸ್ಯಾಂಜೊವೇಸೆ ಅನ್ನುವ ಇಟಲಿ ದ್ರಾಕ್ಷಿಯೂ ಬೀಳುತ್ತದೆ.

ರುಚಿಗೆ ನಮ್ಮ ಮಾತು ಸಾಕು

ವೈನರಿಗಳಲ್ಲಿ ಕೊಡುವ ಕಾಗದದಲ್ಲಿ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಅಂತೆಲ್ಲ ಬರೆದಿರುತ್ತದೆ. ನಾನು ಹುಟ್ಟಿದಾಗಿನಿಂದ ಒಂದು ಬ್ಲ್ಯಾಕ್‌ಕರಂಟ್ ಹಣ್ಣು ಕಣ್ಣಲ್ಲಿ ನೋಡಿಲ್ಲ. ಐಸ್‌ಕ್ರೀಮ್ ತಿಂದಿದ್ದೇನೆ, ಅಷ್ಟೇ. ಹಾಗಾಗಿ ನನ್ನದೇ ಪಟ್ಟಿ ಮಾಡಿಕೊಂಡಿದ್ದೇನೆ. ಸೊವಿನ್ಯೊ ಬ್ಲಾಂ ಅಂದರೆ ಹಸಿರು ಸೀಬೆಕಾಯಿ, ಆಗ ತಾನೇ ಹೆಚ್ಚಿದ ದೊಣ್ಣೆಮೆಣಸಿನಕಾಯಿ. ಶೆನಿನ್ ಬ್ಲಾಂ ಅಂದರೆ ಅನಾನಸ್, ಜೇನು. ಶಿರಾಜ್ ಅಂದರೆ ನೇರಳೆ, ಅದರ ಮೇಲೆ ಕುಟ್ಟಿದ ಕರಿಮೆಣಸು.

ಟ್ಯಾನಿನ್ ಅನ್ನುವ ಪದಕ್ಕೆ ಹೆದರಬೇಡಿ. ಅದು ನಮ್ಮ ಒಗರು. ಬಾಳೆಕಾಯಿ ಕಚ್ಚಿದಾಗ, ಹಸಿ ಅಡಿಕೆ ಅಗಿದಾಗ ನಾಲಿಗೆ, ಒಸಡು ಹಿಡಿದುಕೊಳ್ಳುತ್ತಲ್ಲ, ಅದೇ. ಕ್ಯಾಬರ್ನೆಯಲ್ಲಿ ಜಾಸ್ತಿ, ಬಿಳಿ ವೈನಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಗರು, ಹುಳಿ, ಸಿಹಿ, ಸುಡುವ ಆಲ್ಕೋಹಾಲ್, ಈ ನಾಲ್ಕನ್ನು ಬೇರೆ ಬೇರೆಯಾಗಿ ಗುರುತಿಸಲು ಬಂದರೆ ಬಾಟಲಿ ಆರಿಸುವುದು ಮುಕ್ಕಾಲು ಪಾಲು ಬಂದ ಹಾಗೆ.

ಬಿಳಿಯೋ ಕೆಂಪೋ: ಊಟ ಹೇಳುತ್ತದೆ

ಹೋದ ವರ್ಷ ಮನೆಯಲ್ಲಿ ಒಂದು ಪರೀಕ್ಷೆ ಮಾಡಿದೆವು. ನಾಲ್ಕು ಬಾಟಲಿ: ಶೆನಿನ್ ಬ್ಲಾಂ, ಸೊವಿನ್ಯೊ ಬ್ಲಾಂ, ಶಿರಾಜ್, ಕ್ಯಾಬರ್ನೆ. ಬಿಳಿ ಎರಡು, ಕೆಂಪು ಎರಡು. ಎಲ್ಲದಕ್ಕೂ ಹಳೆ ಪೇಪರ್ ಸುತ್ತಿ ನಂಬರ್ ಹಾಕಿದ್ದು ನನ್ನ ಹೆಂಡತಿ. ಆರು ಜನ ಕುಡಿದು ಮಾರ್ಕ್ಸ್ ಹಾಕಿದೆವು. ಊಟಕ್ಕೆ ಮೊದಲು, ಬರೀ ಬಾಯಲ್ಲಿ, ನಾಲ್ಕು ಜನರ ಓಟು ಕ್ಯಾಬರ್ನೆಗೆ. ವಿಸ್ಕಿ ಬಿಟ್ಟು ಬೇರೆ ಮುಟ್ಟದ ನಮ್ಮ ಭಾವನೂ "ಇದರಲ್ಲಿ ಏನೋ ಇದೆ" ಅಂದರು.

ಆಮೇಲೆ ಮುದ್ದೆ, ನಾಟಿ ಕೋಳಿ ಸಾರು ಬಂತು. ಒಂದು ತುತ್ತು ನುಂಗಿ ಅದೇ ಕ್ಯಾಬರ್ನೆ ಕುಡಿದ ಭಾವ ಗ್ಲಾಸನ್ನು ದೂರ ಇಟ್ಟರು. "ಇದೇನು, ಕಹಿ ಬಂತಲ್ಲ?" ಬಾಟಲಿ ಬದಲಾಗಿರಲಿಲ್ಲ. ಖಾರದ ಮೇಲೆ ಒಗರು ಬಿದ್ದರೆ ಕಹಿಯಾಗಿ ಕಾಣುತ್ತದೆ, ಆಲ್ಕೋಹಾಲ್ ಜಾಸ್ತಿ ಇದ್ದರೆ ಖಾರವೂ ಇನ್ನಷ್ಟು ಉರಿಯುತ್ತದೆ. ಈ ಸುತ್ತಿನಲ್ಲಿ ಕ್ಯಾಬರ್ನೆಗೆ ಒಂದೂ ಓಟು ಇಲ್ಲ. ನಾಲ್ಕು ಜನ ಶೆನಿನ್ ಬ್ಲಾಂ ಕಡೆ ತಿರುಗಿದ್ದರು. ನಮ್ಮಲ್ಲಿ ಸಿಗುವ ಶೆನಿನ್‌ನಲ್ಲಿ ಹೆಚ್ಚಿನವಕ್ಕೆ ಚೂರು ಸಿಹಿ ಉಳಿಸಿರುತ್ತಾರೆ. ಆ ಸಿಹಿ ಖಾರವನ್ನು ತಣಿಸುತ್ತದೆ, ಸಾರಿನ ಜೊತೆ ಬೆಲ್ಲ ನೆಂಚಿಕೊಂಡ ಹಾಗೆ.

ಇದಕ್ಕೇ ನಾನು ಶೆನಿನ್ ಬ್ಲಾಂ ಅಂದಿದ್ದು. ವೈನ್ ಬಗ್ಗೆ ಬರೆಯುವವರು ಕೆಂಪನ್ನು ದೊಡ್ಡದು ಮಾಡುತ್ತಾರೆ. ಅವರು ಊಟಕ್ಕೆ ಬೆಂದ ಮಾಂಸ, ಬೆಣ್ಣೆ, ಚೀಸ್ ಇಟ್ಟುಕೊಂಡು ಬರೆದವರು. ನಾವು ಬ್ಯಾಡಗಿ, ಗುಂಟೂರು ಅರೆದು ತಿನ್ನುವವರು.

ಸೊವಿನ್ಯೊ ಬ್ಲಾಂ ಮೀನಿಗೆ. ನಿಂಬೆಹಣ್ಣು ಹಿಂಡುವ ಯಾವ ತಿಂಡಿಗಾದರೂ ಇದು ಹೊಂದುತ್ತದೆ, ಅಷ್ಟೇ ನಿಯಮ. ಶಿರಾಜ್ ಕರಿಮೆಣಸಿನ ಅಡುಗೆಗೆ: ಮಟನ್ ಪೆಪ್ಪರ್ ಫ್ರೈ, ಕೊಡಗಿನ ಪಂದಿ ಕರಿ. ಪಂದಿ ಕರಿಗೆ ಹಾಕುವ ಕಾಚಂಪುಳಿಯ ಹುಳಿಗೆ ಹೆದರದೆ ನಿಲ್ಲುವ ಕೆಂಪು ಅಂದರೆ ಅದೇ. ಕ್ಯಾಬರ್ನೆಯನ್ನು ಊಟ ಮುಗಿದ ಮೇಲೆ ಸುಮ್ನೆ ಕೂತು ಕುಡಿಯಿರಿ, ಇಲ್ಲವೇ ಖಾರ ಇಲ್ಲದ ಕಬಾಬಿನ ಜೊತೆ. ನೊರೆಯುಕ್ಕುವ ವೈನ್ ಹುಟ್ಟುಹಬ್ಬಕ್ಕೆ ಮಾತ್ರ ಅಂದುಕೊಂಡಿದ್ದರೆ, ಒಂದು ಸಂಜೆ ಗೋಳಿಬಜೆ ಕರಿದು ನೋಡಿ. ಎಣ್ಣೆಯನ್ನು ಅದರ ಗುಳ್ಳೆಗಳು ನಾಲಿಗೆಯಿಂದ ತೊಳೆದುಬಿಡುತ್ತವೆ. ತಡವಾಗಿ ಕೊಯ್ದು ಮಾಡುವ ಸಿಹಿ ಶೆನಿನ್ ಹೋಳಿಗೆಗೆ ಹೊಂದುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿ ಯುಗಾದಿಗೆ ತೆರೆದೆ. ಹೋಳಿಗೆ ಗೆದ್ದಿತು. ಸಿಹಿತಿಂಡಿಗಿಂತ ವೈನ್ ಹೆಚ್ಚು ಸಿಹಿ ಇರಬೇಕು, ಇಲ್ಲದಿದ್ದರೆ ವೈನ್ ಹುಳಿ ನೀರಾಗುತ್ತದೆ. ಹಲಸಿನ ತೊಳೆಯ ಜೊತೆ ಅದೇ ಬಾಟಲಿ ಪರವಾಗಿಲ್ಲ ಅನಿಸಿತು.

ತಂಪಿನ ವಿಷಯ ಒಂದು. "ಕೆಂಪು ವೈನ್ ರೂಮ್ ಟೆಂಪರೇಚರ್‌ನಲ್ಲಿ" ಅನ್ನುವ ಮಾತು ಚಳಿ ದೇಶದ ಕಲ್ಲಿನ ಮನೆಗಳದು. ಅಲ್ಲಿನ ರೂಮು 16ರಿಂದ 18 ಡಿಗ್ರಿ. ನಮ್ಮ ಮಾರ್ಚ್ ತಿಂಗಳ ರೂಮಿನಲ್ಲಿ ಇಟ್ಟರೆ ಕಷಾಯ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಬಿಳಿಯನ್ನು ಎರಡು ಮೂರು ಗಂಟೆ.

ಅಂಗಡಿಯಲ್ಲಿ ನಿಂತಾಗ

ಕಾರ್ಕೋ, ತಿರುಗಿಸುವ ಮುಚ್ಚಳವೋ? ನಮ್ಮ ಬಿಸಿಲಿಗೆ, ನಮ್ಮ ಅಂಗಡಿಗಳಿಗೆ ತಿರುಗಿಸುವ ಮುಚ್ಚಳವೇ ವಾಸಿ. ಅದು ಅಗ್ಗದ ಗುರುತು ಅಲ್ಲ. ಕಾರ್ಕ್ ಒಣಗಿ ಗಾಳಿ ಒಳಗೆ ಹೋಗುವ ಭಯ ಇಲ್ಲ, ಕಾರ್ಕಿನಿಂದ ಬರುವ ಒದ್ದೆ ರಟ್ಟಿನ ವಾಸನೆಯ ಕಾಟವೂ ಇಲ್ಲ. ಹತ್ತು ವರ್ಷ ಇಡುವ ಬಾಟಲಿ ಆದರೆ ಮಾತು ಬೇರೆ. ನಾವು ಎಷ್ಟು ಜನ ಹತ್ತು ವರ್ಷ ಇಡುತ್ತೇವೆ, ಅಲ್ವಾ?

ಒಮ್ಮೆ ಒಂದು ಅಂಗಡಿಯಲ್ಲಿ ರಿಯಾಯಿತಿ ಅಂತ ಕೊಂಡ ಕೆಂಪು ವೈನಿನ ಕಾರ್ಕ್ ಬಾಟಲಿಯ ಬಾಯಿಂದ ಒಂದು ಚೂರು ಮೇಲೆ ಎದ್ದಿತ್ತು. ನಾನು ಗಮನಿಸಲಿಲ್ಲ. ಬಗ್ಗಿಸಿದರೆ ಅಂಚಿನಲ್ಲಿ ಕಂದು ಬಣ್ಣ, ವಾಸನೆ ಬೇಯಿಸಿದ ಹುಣಸೆಹಣ್ಣಿನದು. ಅದು ಗಾಜಿನ ಶೋಕೇಸಿನಲ್ಲಿ ಎಷ್ಟು ಬೇಸಿಗೆ ಕಂಡಿತ್ತೋ. ಅವತ್ತಿನಿಂದ ಕಿಟಕಿ ಪಕ್ಕದ ಬಾಟಲಿ ಮುಟ್ಟುವುದಿಲ್ಲ. ಎಸಿ ಇರುವ, ವೈನ್ ಬೇಗ ಖಾಲಿಯಾಗುವ ಅಂಗಡಿಯಲ್ಲಿ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

ವರ್ಷ ನೋಡಿ. ಸಾಧಾರಣ ಬಿಳಿ, ಗುಲಾಬಿ ವೈನ್ ಆದರೆ ಕೊಯ್ಲಿನ ವರ್ಷದಿಂದ ಎರಡು ವರ್ಷದ ಒಳಗಿನದು. "ಹಳೇದಾದಷ್ಟು ಒಳ್ಳೇದು" ಅನ್ನುವುದು ಕೆಲವೇ ಕೆಲವು ಬಾಟಲಿಗೆ ಹೊಂದುವ ಮಾತು. ಸಾವಿರದ ಆಸುಪಾಸಿನ ಬಿಳಿ ವೈನ್ ಇಟ್ಟಷ್ಟು ಮಂಕಾಗುತ್ತದೆ. ನನ್ನ ಮಟ್ಟಿಗೆ ಸಾವಿರದ ಸುತ್ತಮುತ್ತ ಬಿಳಿ ಕೊಳ್ಳುತ್ತೇನೆ, ಕೆಂಪಿಗೆ ಮಾತ್ರ ಸ್ವಲ್ಪ ಮೇಲೆ ಹೋಗುತ್ತೇನೆ. ಅಗ್ಗದ ಬಿಳಿ ಕುಡಿಯಬಹುದು. ಅಗ್ಗದ ಕೆಂಪು ಬರೀ ಒಗರು, ಉರಿ.

ಇನ್ನು ಆ "ಸ್ವೀಟು" ಬಾಟಲಿ. ಪೋರ್ಟ್ ವೈನ್ ಅಂತ ನಮ್ಮಲ್ಲಿ ಅಗ್ಗಕ್ಕೆ ಸಿಗುವುದಕ್ಕೂ ಪೋರ್ಚುಗಲ್‌ನ ದೌರೊ ಕಣಿವೆಯ ಪೋರ್ಟ್‌ಗೂ ಹೆಸರು ಮಾತ್ರ ಒಂದೇ. ಅಲ್ಲಿನದು ಹುದುಗುವ ಹೊತ್ತಿನಲ್ಲಿ ದ್ರಾಕ್ಷಿಯ ಮದ್ಯ ಸೇರಿಸಿ, ಸಿಹಿ ಉಳಿಸಿಕೊಂಡು ಮಾಡುವಂಥದ್ದು. ನಮ್ಮದರಲ್ಲಿ ಎಷ್ಟೋ ಸಲ ಬೆಂಗಳೂರು ನೀಲಿಯ ವಾಸನೆ ಗೊತ್ತಾಗುತ್ತದೆ. ಚಿಕ್ಕಪ್ಪನ ತೋಟದ ಆ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಜ್ಯೂಸಿಗೆ, ಜಾಮಿಗೆ ಅದನ್ನು ಮೀರಿಸಿದ್ದು ಇಲ್ಲ. ಸಿಹಿ ಉಳಿಸದ ಒಣ (ಡ್ರೈ) ವೈನ್ ಮಾಡಿದರೆ ಮಾತ್ರ ಆ ಘಾಟು ಪರಿಮಳ ಬೇರೆ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಮಡಿಕೇರಿಯ ಅಂಗಡಿಗಳಲ್ಲಿ ಸಿಗುವ ಮನೆ ವೈನ್, ಮಂಗಳೂರಿನ ಕ್ರಿಸ್ತ ಬಂಧುಗಳು ಕ್ರಿಸ್ಮಸ್‌ಗೆ ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಗೋಧಿ ಹಾಕಿ ಮಾಡುವ ವೈನ್, ಇವನ್ನೆಲ್ಲ ಈ ಹೋಲಿಕೆಗೆ ತರುವುದು ಸರಿಯಲ್ಲ. ಅದು ಹಬ್ಬದ ರುಚಿ. ಕೇಕಿನ ಜೊತೆ ಒಂದು ಪುಟ್ಟ ಗ್ಲಾಸ್ ಕೊಟ್ಟರೆ ಸುಮ್ನೆ ಕುಡಿದು ಇನ್ನೊಂದು ಕೇಳಬೇಕು.

ತೆರೆದ ಬಾಟಲಿ ಎಷ್ಟು ದಿನ ಇಡಬಹುದು ಅಂತ ಎಲ್ಲರೂ ಕೇಳುತ್ತಾರೆ. 750 ಮಿಲಿ ಅಂದರೆ ಐದು ಗ್ಲಾಸು, ಇಬ್ಬರಿಗೆ ಒಂದೇ ಸಂಜೆಗೆ ಜಾಸ್ತಿ. ಮುಚ್ಚಳ ಬಿಗಿ ಮಾಡಿ ಫ್ರಿಜ್‌ನಲ್ಲಿ ನಿಲ್ಲಿಸಿ, ಬಿಳಿಯೋ ಕೆಂಪೋ, ಎರಡನ್ನೂ. ಮೂರು ದಿನ ಧಾರಾಳವಾಗಿ ಬರುತ್ತದೆ, ಐದನೇ ದಿನಕ್ಕೆ ಸಾರಿಗೆ ಹಾಕಬಹುದು. ವೈನರಿಗೆ ಹೋಗಿ ಬಂದ ದಿನ ಚಿಕ್ಕಪ್ಪನಿಗೆ ಒಂದು ಶೆನಿನ್ ಬ್ಲಾಂ ತೆಗೆಸಿಕೊಟ್ಟಿದ್ದೆ. ರಾತ್ರಿ ಒಂದೊಂದು ಗ್ಲಾಸ್ ಕುಡಿದು, ಉಳಿದದ್ದನ್ನು ಅವರ ಫ್ರಿಜ್ಜಿನ ಬಾಗಿಲಲ್ಲಿ, ಮಜ್ಜಿಗೆ ಬಾಟಲಿಯ ಪಕ್ಕ ಇಟ್ಟು ಬಂದೆ. ನಾಲ್ಕನೇ ದಿನ ರುಚಿ ಹೇಗಿದೆ ನೋಡಿ ಹೇಳಿ ಅಂತ ಫೋನ್ ಮಾಡಿದರೆ ಬಾಟಲಿ ಖಾಲಿ. "ನಾನಂತೂ ಮುಟ್ಟಿಲ್ಲ" ಅಂದರು ಚಿಕ್ಕಪ್ಪ. ಚಿಕ್ಕಮ್ಮನನ್ನು ಕೇಳಿದರೆ, "ಮಜ್ಜಿಗೆ ಬೇಕಾ?" ಅಂತ ಮಾತು ತಿರುಗಿಸಿದರು.